ಕಲೆಕ್ಟರು ರಜೆ ಕೊಟ್ಟರೆ

ಇಂಗ್ಲಿಷ್ ವ್ಯಾಕರಣದ ಪುಸ್ತಕದಲ್ಲಿ 'ಇಫ್' ಪಾಠ ತೆರೆದರೆ ಸಾಕು, ಒಬ್ಬ ಹಕ್ಕಿಯಾಗಲು ಹೊರಟಿರುತ್ತಾನೆ, ಇನ್ನೊಬ್ಬ ರಾಜನಾಗಲು. ಚೆನ್ನೈಯ ಪಶ್ಚಿಮ ಮಾಂಬಲದಲ್ಲಿ ನಮ್ಮ ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿಗೆ ಈ ಎರಡೂ ಆಸೆ ಇಲ್ಲ. ಅವಳ ತಕರಾರೇ ಬೇರೆ. "ಮಾಮಾ, ಮಳೆ ಬರೋದು ನಾಳೆ. 'ಇಫ್ ಇಟ್ ರೇನ್ಡ್ ಟುಮಾರೋ' ಅಂತ ನಿನ್ನೆಯ ಕ್ರಿಯಾಪದ ಯಾಕೆ ಹಾಕ್ತಾರೆ?"

"ನಿಮ್ಮಮ್ಮ 'ನಾಳೆ ಮಳೆ ಬಂದರೆ' ಅಂತಾರಲ್ಲ, ಅದರ ಹೊಟ್ಟೆಯೊಳಗೆ 'ಬಂದ' ಕೂತಿಲ್ಲವೇನೇ? ನಿನ್ನ ತಮಿಳು ಗೆಳತಿಯರ 'ವಂದಾಲ್'ನಲ್ಲೂ ಅದೇ ಕಥೆ" ಎಂದೆ. ಹುಡುಗಿ ನನ್ನನ್ನು ಅನುಮಾನದಿಂದ ನೋಡಿದಳು. ಇಂಗ್ಲಿಷಿನವರು ಇಲ್ಲಿ ಭೂತಕಾಲ ಬಳಸುವುದು ನಿನ್ನೆಯ ವರದಿ ಒಪ್ಪಿಸುವುದಕ್ಕಲ್ಲ, ಆಡುವವನಿಗೆ ನಂಬಿಕೆ ಎಷ್ಟು ಕಡಿಮೆ ಎಂದು ತೋರಿಸುವುದಕ್ಕೆ. ಇದನ್ನು ಬಿಡಿಸಿ ಹೇಳಲು ನನಗೆ ನೆರವಾದದ್ದು ಚೆನ್ನೈಯ ಹಿಂಗಾರು.

ನವೆಂಬರಿನ ರಾತ್ರಿ. ಮೋಡ ಕವಿದಿದೆ. ಊರಿನ ಮಕ್ಕಳೆಲ್ಲ ಟೀವಿಯ ಮುಂದೆ, "ನಾಳೆ ಲೀವಾ?" ಕಲೆಕ್ಟರು ರಜೆ ಘೋಷಿಸಬೇಕು. ಎಂಟು ಗಂಟೆಗೆ ಜೋರು ಮಳೆ: 'ಇಫ್ ಹೀ ಡಿಕ್ಲೇರ್ಸ್, ಐ ವಿಲ್ ಸ್ಲೀಪ್.' ಹತ್ತಕ್ಕೆ ಹಾಳಾದ ನಕ್ಷತ್ರಗಳು ಇಣುಕುತ್ತವೆ: 'ಡಿಕ್ಲೇರ್ಡ್, ವುಡ್ ಸ್ಲೀಪ್.' ಬೆಳಿಗ್ಗೆ ಸುಡುಬಿಸಿಲು, ಜಡೆಗೆ ರಿಬ್ಬನ್ ಕಟ್ಟಿಸಿಕೊಳ್ಳುತ್ತಾ: 'ಹ್ಯಾಡ್ ಡಿಕ್ಲೇರ್ಡ್, ವುಡ್ ಹ್ಯಾವ್ ಸ್ಲೆಪ್ಟ್.' ಕಲೆಕ್ಟರು ಅವರೇ, ರಜೆಯೂ ಅದೇ. ಇಳಿಯುತ್ತಾ ಹೋದದ್ದು ಹುಡುಗಿಯ ನಂಬಿಕೆ ಮಾತ್ರ.

ಹೀಗೆ ನಂಬಿಕೆಗೆ ಮೂರು ಖಾನೆಗಳಾದವು. ಆಟೋದವರು ಮೀಟರ್ ಹಾಕುವ ಸಂಗತಿಯನ್ನು ಅವಳೇ ಎರಡನೆಯ ಖಾನೆಗೆ ಸೇರಿಸಿದಳು. ನಾನು ತಿದ್ದಲಿಲ್ಲ.

ಮೂರನೆಯ ಖಾನೆಗೆ ಅವಳಪ್ಪನೇ ಉದಾಹರಣೆ ಕೊಟ್ಟರು. ಉಡುಪಿ ಕಡೆಯವರು, ಕೆಥೆಡ್ರಲ್ ರಸ್ತೆಯ ಡ್ರೈವ್‌-ಇನ್ ವುಡ್‌ಲ್ಯಾಂಡ್ಸ್ ಹೋಟೆಲನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಕಡಂದಲೆಯ ಕೃಷ್ಣರಾಯರು ಮದ್ರಾಸಿಗೆ ಬಾರದೇ ಇದ್ದಿದ್ದರೆ ವುಡ್‌ಲ್ಯಾಂಡ್ಸ್ ಹುಟ್ಟುತ್ತಲೇ ಇರಲಿಲ್ಲ. ಅದು ಶುದ್ಧ ಮೂರನೆಯದು. 1962ರಲ್ಲಿ ಶುರುವಾದ ಆ ಡ್ರೈವ್‌-ಇನ್ 2008ರಲ್ಲಿ ಮುಚ್ಚದೇ ಇದ್ದಿದ್ದರೆ ಈಗ, ಈ ಕ್ಷಣ, ಅಲ್ಲಿ ಕಾಫಿ ಕುಡಿಯುತ್ತಿದ್ದೆವು. ಇದು ಬೆರಕೆ ಜಾತಿ, ಕಾರಣ ಅಂದಿನದು, ಸಂಕಟ ಇಂದಿನದು. ಆ ಜಾಗದಲ್ಲೀಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಗಿಡಮರ ಚೆನ್ನಾಗಿವೆ, ಆದರೆ ಗಿಡಗಳು ಕಾಫಿ ತಂದುಕೊಡುವುದಿಲ್ಲವಲ್ಲ!

ವ್ಯಾಕರಣ ಬರೆಯುವ ಪಂಡಿತರಲ್ಲಿ ಒಂದು ಬಿನ್ನಹ: ಹಕ್ಕಿ, ರಾಜ ಇಬ್ಬರಿಗೂ ನಿವೃತ್ತಿ ಕೊಡಿ. ಮುಂದಿನ ಮುದ್ರಣದಲ್ಲಿ ನಮ್ಮ ಕಲೆಕ್ಟರನ್ನೂ ಆಟೋ ಮೀಟರನ್ನೂ ಸೇರಿಸಿ.