450 ವ್ಯಾಟಿನ ಜಾತಕ

ಕಂಪ್ಯೂಟರನ್ನು ಬಿಡಿಬಿಡಿಯಾಗಿ ಕೊಂಡು ಅಸೆಂಬಲ್ ಮಾಡಿಸಲು ಹೊರಟವರು ಮೊದಲು ಪ್ರೊಸೆಸರ್ ಆರಿಸುತ್ತಾರೆ. ಆಮೇಲೆ ಗ್ರಾಫಿಕ್ಸ್ ಕಾರ್ಡು, ಮದರ್‌ಬೋರ್ಡು, ಗಾಜಿನ ಬಾಗಿಲಿನ ಕ್ಯಾಬಿನೆಟ್ಟು, ಅದರೊಳಗೆ ಬಣ್ಣ ಬದಲಿಸುವ ಫ್ಯಾನುಗಳು. ದುಡ್ಡು ತೀರಿದ ಮೇಲೆ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ, ನೆನಪಾಗುತ್ತದೆ. ‘ಕ್ಯಾಬಿನೆಟ್ ಜೊತೆಗೇ ಬರುತ್ತೆ ಸಾರ್, 450 ವ್ಯಾಟು’ ಎಂಬ ಮಾತು ಬೆಂಗಳೂರಿನ ಎಸ್.ಪಿ. ರೋಡಿನ ಇಕ್ಕಟ್ಟಿನಲ್ಲಿ ಖಾಲಿ ಕಿಸೆಯೊಂದಿಗೆ ನಿಂತವರಿಗೆ ಅಮೃತದಂತೆ ಕೇಳಿಸುತ್ತದೆ. ಯೂಟ್ಯೂಬ್ ಪಂಡಿತರದೂ ಇದೇ ಚಾಳಿ. ಪ್ರೊಸೆಸರಿನ ಕೋರುಗಳನ್ನು ಇಪ್ಪತ್ತು ನಿಮಿಷ ಕೊಂಡಾಡಿ, ಕೊನೆಗೆ ‘ಯಾವುದಾದರೂ ಒಳ್ಳೆಯ ಪವರ್ ಸಪ್ಲೈ ಹಾಕಿಕೊಳ್ಳಿ’ ಎಂದು ಕೈ ತೊಳೆದುಕೊಳ್ಳುತ್ತಾರೆ. ಆ ‘ಯಾವುದಾದರೂ’ ಎಂಬಲ್ಲೇ ನನ್ನ ತಕರಾರು. ಎಸ್‌ಎಂಪಿಎಸ್ ಪಟ್ಟಿಯ ಬಾಲದಿಂದ ತಲೆಗೆ ಬರಬೇಕು. ಅದನ್ನು ಆರಿಸುವಾಗ ಡಬ್ಬಿಯ ಮೇಲಿನ ದಪ್ಪ ಅಂಕಿಯನ್ನು ಬಿಟ್ಟು ಪಕ್ಕದ ಸಣ್ಣಕ್ಷರದ ಸ್ಟಿಕರ್ ಓದಬೇಕು. ತಗಡಿನ ಡಬ್ಬಿಯೊಂದರ ಬಗ್ಗೆ ಇಷ್ಟು ಆವೇಶ ಶೋಭಿಸುವುದಿಲ್ಲವೆಂದು ಗೊತ್ತು. ಗೊತ್ತಿದ್ದೇ ಖುಷಿಯಾಗಿ ಮುಂದುವರಿಯುತ್ತೇನೆ.

ಸ್ಟಿಕರ್ ಓದುವುದು ಜಾತಕ ನೋಡಿದ ಹಾಗೆ. ದಲ್ಲಾಳಿ ಹೇಳಿದ್ದು ಬೇರೆ, ಕುಂಡಲಿಯ ಮನೆಗಳು ಹೇಳುವುದು ಬೇರೆ. ಅಗ್ಗದ 450 ವ್ಯಾಟಿನ ಡಬ್ಬಿಯೊಂದನ್ನು ತಿರುಗಿಸಿದಾಗ ಇಂಥ ಲೆಕ್ಕ ಕಂಡಿತೆನ್ನಿ: 3.3 ವೋಲ್ಟಿನಲ್ಲಿ 20 ಆಂಪಿಯರ್, 5 ವೋಲ್ಟಿನಲ್ಲಿ 22, 12 ವೋಲ್ಟಿನಲ್ಲಿ 14, ಮೈನಸ್ 12ರಲ್ಲಿ ಅರ್ಧ, ಸ್ಟ್ಯಾಂಡ್‌ಬೈಗೆಂದು 5 ವೋಲ್ಟಿನ ಇನ್ನೊಂದು ಸಾಲಿನಲ್ಲಿ 2. ಇದಕ್ಕೆ ಪ್ರಾಥಮಿಕ ಶಾಲೆಯ ಗುಣಾಕಾರ ಸಾಕು. 66, 110, 168, 6, 10. ಕೂಡಿಸಿದರೆ 360. ಇನ್ನೊಮ್ಮೆ ಕೂಡಿಸಿ, 360 ಅಂತಲೇ ಬರುತ್ತದೆ. ಉಳಿದ 90 ವ್ಯಾಟು ಎಲ್ಲಿ ಹೋಯಿತು? ಫ್ಯಾನಿನ ಹಿಂದೆ ಅಡಗಿಲ್ಲ, ವೈರಿನ ಗಂಟಿನಲ್ಲೂ ಸಿಕ್ಕಿಕೊಂಡಿಲ್ಲ. ಅದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹುಟ್ಟಿ ಅಲ್ಲೇ ತೀರಿಕೊಂಡ ವಿದ್ಯುತ್ತು. ಹೋಗಲಿ, 360 ಆದರೂ ದಕ್ಕೀತೇ? ಮೈನಸ್ 12ರ ಅರ್ಧ ಆಂಪಿಯರ್ ಹಳೆಯ ಸೀರಿಯಲ್ ಪೋರ್ಟಿನ ಕಾಲದ್ದು, ಈಗ ಅದನ್ನು ಕೇಳುವವರೇ ಇಲ್ಲ. 3.3 ಮತ್ತು 5ರ ಮನೆಗಳು ಪುಷ್ಟವಾಗಿವೆ ನಿಜ, ಆದರೆ ಅದು ಪ್ರೊಸೆಸರುಗಳು ಆ ಸಾಲುಗಳನ್ನೇ ನೆಚ್ಚಿಕೊಂಡಿದ್ದ ಕಳೆದ ಶತಮಾನದ ವೈಭವ. 2000ದಲ್ಲಿ ಪೆಂಟಿಯಂ 4 ಬರುವ ಹೊತ್ತಿಗೆ ಪ್ರೊಸೆಸರು 12 ವೋಲ್ಟಿನ ಸಾಲಿಗೆ ವಲಸೆ ಹೋಯಿತು. ಗ್ರಾಫಿಕ್ಸ್ ಕಾರ್ಡು ಎಳೆಯುವುದೂ ಬಹುಪಾಲು ಅಲ್ಲಿಂದಲೇ. ಹನ್ನೆರಡನೆಯ ಮನೆ ವ್ಯಯಸ್ಥಾನವೆಂದು ಜೋಯಿಸರು ಸುಮ್ಮನೆ ಹೇಳಿಲ್ಲ. ನಮ್ಮ ಜಾತಕದಲ್ಲಿ ಆ ಮನೆಯಲ್ಲಿರುವುದು 168 ವ್ಯಾಟು. ಮಧ್ಯಮ ದರ್ಜೆಯ ಆರ್‌ಟಿಎಕ್ಸ್ 3060 ಕಾರ್ಡೊಂದಕ್ಕೇ 170 ಬೇಕು. ವರಮಹಾಶಯ ಎರಡು ವ್ಯಾಟಿನಲ್ಲಿ ಫೇಲು, ಪ್ರೊಸೆಸರಿನ ಬೇಡಿಕೆ ಇನ್ನೂ ಕೇಳಿಯೇ ಇಲ್ಲ.

‘ನಮ್ಮ ಆಫೀಸಿನಲ್ಲಿ ಇಂಥದೇ ಡಬ್ಬಿ ಹತ್ತು ವರ್ಷ ಓಡಿತಲ್ಲ’ ಎನ್ನುವವರಿದ್ದಾರೆ. ಓಡಿರುತ್ತದೆ. ಗ್ರಾಫಿಕ್ಸ್ ಕಾರ್ಡಿಲ್ಲದೆ, ಟ್ಯಾಲಿಯನ್ನೂ ನುಡಿಯನ್ನೂ ತೆರೆದುಕೊಂಡು ಕೂತ ಯಂತ್ರ ನೂರು ವ್ಯಾಟ್ ದಾಟುವುದೇ ಅಪರೂಪ. ಅದು ಡಬ್ಬಿಯ ಸಾಮರ್ಥ್ಯಕ್ಕೆ ಸಾಕ್ಷಿಯಲ್ಲ, ಅದನ್ನು ಯಾರೂ ಪರೀಕ್ಷಿಸಲಿಲ್ಲ ಎಂಬುದಕ್ಕೆ ಸಾಕ್ಷಿ. ಇನ್ನು ಕೆಲವರು ಭಯಬಿದ್ದು 1000 ವ್ಯಾಟಿನದನ್ನೇ ಹೊತ್ತು ತರುತ್ತಾರೆ, ಮನೆಯ ಹಿರಿಯರು ಕರೆಂಟ್ ಬಿಲ್ ನೆನೆದು ಬೆಚ್ಚುತ್ತಾರೆ. ಹಿರಿಯರು ಬೆಚ್ಚಬೇಕಿಲ್ಲ. 1000 ಎಂಬುದು ಕೊಡಬಲ್ಲ ಮಿತಿ, ಸದಾ ಎಳೆಯುವ ಪ್ರಮಾಣವಲ್ಲ. ಒಳಗಿನವು 200 ಕೇಳಿದರೆ ಗೋಡೆಯಿಂದ ಬರುವುದು ಆ 200, ಮೇಲೊಂದಿಷ್ಟು ನಷ್ಟ. ಆದರೆ 3060 ಕಾರ್ಡಿಗೆ ಎನ್‌ವಿಡಿಯಾದವರೇ 550 ವ್ಯಾಟಿನದು ಸಾಕೆನ್ನುವಾಗ 1000 ಯಾಕೆ?

ಆಮೇಲೆ ಪದಕಗಳ ಪ್ರಶ್ನೆ. 2004ರಲ್ಲಿ ಶುರುವಾದ 80 ಪ್ಲಸ್ ಯೋಜನೆ ಈಗ ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಟೈಟಾನಿಯಂ ಎಂದು ಬಿರುದು ಹಂಚುತ್ತದೆ. ಅರ್ಧ ಹೊರೆಯಲ್ಲಿ, 115 ವೋಲ್ಟಿನ ಪರೀಕ್ಷೆಯಲ್ಲಿ, ಬ್ರಾಂಜಿನ ದಕ್ಷತೆ ಶೇ 85, ಗೋಲ್ಡಿನದು ಶೇ 90. ಗೋಲ್ಡ್ ಕೊಂಡರೆ ಬಿಲ್ಲಿನಲ್ಲಿ ಉಳಿತಾಯ ಎನ್ನುವವರು ಇದನ್ನೂ ಲೆಕ್ಕ ಹಾಕಲಿ: 200 ವ್ಯಾಟಿನ ಯಂತ್ರಕ್ಕೆ ಎರಡರ ಅಂತರ ಸುಮಾರು 13 ವ್ಯಾಟು. ದಿನಕ್ಕೆ ನಾಲ್ಕು ಗಂಟೆಯಂತೆ ವರ್ಷಕ್ಕೆ 19 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದರೆ 133 ರೂಪಾಯಿ. ಗೋಲ್ಡಿಗೆ 3000 ಹೆಚ್ಚು ಕೊಟ್ಟಿದ್ದರೆ ಅಸಲು ಹುಟ್ಟಲು ಇಪ್ಪತ್ತೆರಡೂವರೆ ವರ್ಷ ಬೇಕು. ಕೂಸಿಗೆಂದು ಕೊಂಡದ್ದು ಅದರ ಡಿಗ್ರಿ ಮುಗಿದ ಮೇಲೆ ಲಾಭಕ್ಕೆ ತಿರುಗುತ್ತದೆ. ಅಲ್ಲದೆ ಆ ಪರೀಕ್ಷೆ ನಡೆಯುವುದು 23 ಡಿಗ್ರಿಯ ತಂಪಿನಲ್ಲಿ, ಮೇ ತಿಂಗಳ ಕಲಬುರಗಿಯಲ್ಲಲ್ಲ. ಶಾರ್ಟ್ ಆದರೆ ಡಬ್ಬಿ ತಾನಾಗಿ ಆಫ್ ಆಗುತ್ತದೆಯೇ, ವೋಲ್ಟೇಜ್ ಮಿತಿ ಮೀರಿದರೆ ತಡೆಯುತ್ತದೆಯೇ ಎಂಬುದನ್ನು ಪದಕ ಹೇಳುವುದೇ ಇಲ್ಲ. ದುಡ್ಡು ಕೊಡಬೇಕಾದದ್ದು ಆ ರಕ್ಷಣೆಗೆ. ಕೆಟ್ಟ ಎಸ್‌ಎಂಪಿಎಸ್ ಸಾಯುವಾಗ ಒಂಟಿಯಾಗಿ ಸಾಯದೆ ಹೋಗಬಹುದು. ಬೋರ್ಡು ಹೋದರೆ ಇನ್ನೊಂದು ತರಬಹುದು. ಬ್ಯಾಕಪ್ ಇಲ್ಲದ ಹಾರ್ಡ್ ಡಿಸ್ಕ್ ಹೋದರೆ ಅದರಲ್ಲಿದ್ದ ಫೋಟೋಗಳನ್ನು ಯಾವ ಅಂಗಡಿಯೂ ಮಾರುವುದಿಲ್ಲ.

‘ಒಳ್ಳೆಯ ಎಸ್‌ಎಂಪಿಎಸ್ ಹಾಕಿಸಿದ ಮೇಲೆ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ, ಹಳೇ ಅಗ್ಗದ್ದೇ ವಾಸಿಯಿತ್ತು’ ಎಂಬ ದೂರು ಎಲ್ಲಕ್ಕಿಂತ ಸೊಗಸಾದದ್ದು, ಯಾಕೆಂದರೆ ಅದು ನಿಜವೂ ಹೌದು. ಒಳ್ಳೆಯ ಡಬ್ಬಿಯ ಬಾಗಿಲಲ್ಲೇ ಗದ್ದಲ ಸೋಸುವ ಫಿಲ್ಟರ್ ಇರುತ್ತದೆ. ಅದರ ಸಣ್ಣ ಕೆಪಾಸಿಟರುಗಳು ಫೇಸಿನಿಂದಲೂ ನ್ಯೂಟ್ರಲಿನಿಂದಲೂ ತಗಡಿಗೆ ಸೇರಿಕೊಂಡಿರುತ್ತವೆ. ಅವುಗಳ ಮೂಲಕ ಸೋರುವ ಚೂರು ಕರೆಂಟು ಮೂರನೆಯ ಪಿನ್ನಿನಿಂದ ನೆಲಕ್ಕೆ ಇಳಿಯಬೇಕು. ಮನೆಯಲ್ಲಿ ಅರ್ಥಿಂಗೇ ಇಲ್ಲದಿದ್ದರೆ ಅದು ಮುಟ್ಟಿದವರ ಬೆರಳಿಗಾಗಿ ಕಾಯುತ್ತದೆ. ಅಗ್ಗದ ಡಬ್ಬಿಯಲ್ಲಿ ದುಡ್ಡು ಉಳಿಸಲು ಆ ಕೆಪಾಸಿಟರುಗಳನ್ನೇ ಬಿಟ್ಟಿರುತ್ತಾರೆ, ಆದ್ದರಿಂದ ಜುಮ್ಮೂ ಇಲ್ಲ. ಹೀಗೆ ಜುಮ್ ಎನಿಸಿದ ಡಬ್ಬಿ ದೂಷಿತವಾಗುತ್ತದೆ, ಗೋಡೆ ಪಾರಾಗುತ್ತದೆ. ಆದರೆ ಒಳಗೆ ಫೇಸ್ ವೈರು ಕಳಚಿ ತಗಡಿಗೆ ತಾಗಿದ ದಿನ, ಅರ್ಥಿಂಗ್ ಇಲ್ಲದ ಮನೆಯ ಕ್ಯಾಬಿನೆಟ್ಟಿನಲ್ಲಿ ನಿಲ್ಲುವುದು ಪೂರ್ತಿ 230 ವೋಲ್ಟು. ಅಲ್ಲಿ ತಮಾಷೆಗೆ ಜಾಗವಿಲ್ಲ. ಬಾಡಿಗೆ ಮನೆ, ಮಾಲೀಕರು ಗೋಡೆ ಮುಟ್ಟಲು ಬಿಡುವುದಿಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಹಾಗಿದ್ದರೆ ಮನೆ ನೋಡಲು ಹೋಗುವಾಗ, ಕಾವೇರಿ ನೀರು ಬರುತ್ತದೆಯೇ ಎಂದು ಕೇಳುವುದರ ಜೊತೆಗೆ, ಒಬ್ಬ ಎಲೆಕ್ಟ್ರಿಷಿಯನ್ನನ್ನೂ ಕರೆದುಕೊಂಡು ಹೋಗಬೇಕು. ಗ್ರಾಫಿಕ್ಸ್ ಕಾರ್ಡಿಗೆ ಸಾವಿರಾರು ರೂಪಾಯಿ ಎಣಿಸಿದವರು ಆತನ ಐನೂರಕ್ಕೆ ಚೌಕಾಶಿ ಮಾಡದಿದ್ದರೆ ಒಳ್ಳೆಯದು.