ಸೌತೆಕಾಯಿ ಮುಟ್ಟದ ಹದಿನೈದು ದಿನ

ನೋಡಿ, ಬೇಲಿ ಮೇಲಿನ ಈ ಸೌತೆಬಳ್ಳಿಗೆ ನಿಯತ್ತೇ ಇಲ್ಲ. ನೀರು ಹಾಕೋದು ನಾನು, ಕಾಯಿ ಬಿಡೋದು ನಿಮ್ಮಂಗಳದಲ್ಲಿ. ಇರಲಿ, ಕಿತ್ತುಕೊಳ್ಳಿ, ಕೋಸಂಬರಿಗಾಯಿತು. ನನಗಂತೂ ಈಗೀಗ ಸೌತೆಕಾಯಿ ಕಂಡರೆ ಸಾಕು, ಜಪಾನಿನ ಫುಕುಓಕಾ ನೆನಪಾಗುತ್ತದೆ. ನಗಬೇಡಿ, ಕಾರಣ ಇದೆ. ಆದರೆ ಅಲ್ಲಿಗೆ ಬರೋದಕ್ಕೆ ಸ್ವಲ್ಪ ಸುತ್ತಬೇಕು. ನಿಮಗೇನೂ ಅವಸರ ಇಲ್ಲ ತಾನೇ?

ಮಗನ ಬಾಲ ಹಿಡಿದು ಹೋದದ್ದು ನಿಮಗೆ ಗೊತ್ತೇ ಇದೆ. ಅವನಿಗೆ ಆಫೀಸಿನ ಕೆಲಸ, ನನಗೆ ಮಾಡೋದಕ್ಕೆ ಕೆಲಸವೇ ಇಲ್ಲ. ಟೋಕಿಯೋ ಬಿಟ್ಟು, ಕ್ಯೋಟೋ ಬಿಟ್ಟು, ಈ ಕ್ಯೂಷು ದ್ವೀಪದ ಕಡಲತಡಿಗೆ ಯಾಕಪ್ಪಾ ಅಂತ ಮೊದಲು ಮೂಗು ಮುರಿದೆ. ಇಳಿದ ಮೇಲೆ ತಿಳಿಯಿತು. ವಿಮಾನ ನಿಲ್ದಾಣದಿಂದ ಊರ ನಡುವಿಗೆ ಮೆಟ್ರೋದಲ್ಲಿ ಎರಡನೆಯದೇ ಸ್ಟಾಪು, ಐದಾರು ನಿಮಿಷ. ನಮ್ಮ ದೇವನಹಳ್ಳಿಯಿಂದ ಬಸವನಗುಡಿ ಮುಟ್ಟೋಷ್ಟರಲ್ಲಿ ಅಲ್ಲಿ ಸ್ನಾನ, ಊಟ ಮುಗಿಸಿ ಒಂದು ನಿದ್ದೆಯೂ ತೆಗೆಯಬಹುದು, ಅಲ್ವಾ?

ಆ ಮೆಟ್ರೋದಲ್ಲಿ ಪ್ರತಿ ನಿಲ್ದಾಣಕ್ಕೂ ಒಂದೊಂದು ಚಿತ್ರ ಉಂಟು. ವಿಮಾನ ನಿಲ್ದಾಣಕ್ಕೆ ವಿಮಾನ, ಇನ್ನೊಂದಕ್ಕೆ ಇನ್ನೇನೋ. ಓದಲು ಬಾರದವರೂ ದಾರಿ ತಪ್ಪಬಾರದಲ್ಲ, ನಮ್ಮ ಚುನಾವಣೆಯ ಚಿಹ್ನೆಗಳ ಹಾಗೆ. ಜಪಾನಿ ಅಕ್ಷರದ ಮುಂದೆ ನಾನೂ ಹೆಬ್ಬೆಟ್ಟೇ. ಅಲ್ಲಿದ್ದಷ್ಟು ದಿನ ಚಿತ್ರ ನೋಡಿಯೇ ಹತ್ತಿದೆ, ಚಿತ್ರ ನೋಡಿಯೇ ಇಳಿದೆ.

ಎಡವಿದ್ದು ಊರ ಹೆಸರಿನಲ್ಲಿ. ಟಿಕೆಟ್ಟಿನಲ್ಲಿ ಫುಕುಓಕಾ ಅಂತ ಇತ್ತು, ದೊಡ್ಡ ರೈಲು ನಿಲ್ದಾಣದ ಮೇಲೆ ನೋಡಿದರೆ ಹಕಾತಾ! ಬೇರೆ ಊರಿಗೆ ಬಂದೆವಾ ಅಂತ ಎದೆ ಧಸಕ್ಕೆಂದಿತು. ವಿಷಯ ಏನೆಂದರೆ, ನಾಕಾ ನದಿಯ ಈಚೆ ದಡದಲ್ಲಿ ವ್ಯಾಪಾರಿಗಳ ಹಕಾತಾ, ಆಚೆ ದಡದಲ್ಲಿ ಕೋಟೆ ಕಟ್ಟಿಕೊಂಡ ಸಮುರಾಯ್‌ಗಳ ಫುಕುಓಕಾ. 1889ರಲ್ಲಿ ಎರಡನ್ನೂ ಸೇರಿಸಿ ಒಂದೇ ನಗರ ಮಾಡಿದರು. ಹೆಸರಿನ ಜಗಳ ಮಾತ್ರ ಮುಗಿಯಲಿಲ್ಲ. ಮರುವರ್ಷ ನಗರಸಭೆಯಲ್ಲಿ ಮತಕ್ಕೆ ಹಾಕಿದರೆ ಎರಡೂ ಕಡೆ ಸಮಸಮ! ಕೊನೆಗೆ ಅಧ್ಯಕ್ಷರ ಒಂದು ಮತದಿಂದ ಊರು ಫುಕುಓಕಾ ಆಗಿಯೇ ಉಳಿಯಿತು. ನಿಲ್ದಾಣಕ್ಕೆ ಹಕಾತಾ ಅನ್ನೋ ಹೆಸರು. ನಮ್ಮವರು ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಒಂದು ಅಡ್ಡಗೆರೆ ಎಳೆದು ಮುಗಿಸಿದರಪ್ಪ. ಆಮೇಲೆ ಧಾರವಾಡಕ್ಕೆ ಬೇರೆ ಪಾಲಿಕೆ ಅಂತ ಆ ಗೆರೆಯನ್ನೂ ಅಳಿಸೋ ಮಾತು ಎದ್ದಿತು, ಅದು ಬೇರೆ ಕಥೆ.

ಸಂಜೆಯಾದರೆ ನದಿ ದಂಡೆಗೆ ಒಂದೊಂದಾಗಿ ತಳ್ಳುಗಾಡಿಗಳು ಬರುತ್ತವೆ. ‘ಯತಾಯಿ’ ಅಂತಾರೆ. ಊರಲ್ಲೆಲ್ಲ ಸೇರಿ ನೂರರ ಆಸುಪಾಸು. ಕಣ್ಣೆದುರೇ ಗಾಡಿ ಬಿಚ್ಚಿಕೊಂಡು ಪುಟ್ಟ ಹೋಟೆಲ್ಲಾಗುತ್ತದೆ, ಎಂಟು ಹತ್ತು ಜನ ಮೊಣಕೈಗೆ ಮೊಣಕೈ ತಾಗಿಸಿ ಕೂರುತ್ತಾರೆ. ಬೆಳಿಗ್ಗೆ ಹೋಗಿ ನೋಡಿದರೆ ಅಲ್ಲೊಂದು ಅಂಗಡಿ ಇತ್ತು ಅನ್ನೋ ಗುರುತೂ ಇರುವುದಿಲ್ಲ. ಹಂದಿ ಮೂಳೆ ಕುದಿಸಿದ ಸಾರಿನ ರಾಮೆನ್ ಆ ಊರಿನ ಹೆಮ್ಮೆ. ನಾನು ಪುಳಿಚಾರು, ಏನು ಮಾಡಲಿ? ಕೈಬಾಯಿ ಸನ್ನೆ ಮಾಡಿದ್ದಕ್ಕೆ ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾ ಕಾಯಿ ಕೊಟ್ಟರು. ಸಿಪ್ಪೆ ಹಿಂಡಿದರೆ ಕಾಳು ಪಟಕ್ಕನೆ ಬಾಯಿಗೆ. ಕಣ್ಣು ಮುಚ್ಚಿಕೊಂಡರೆ ನಮ್ಮ ಕಡಲೆಕಾಯಿ ಪರಿಷೆಯೇ ಅನ್ನಿ.

ಪಕ್ಕದಲ್ಲಿ ಕೂತ ಮಗ ರಾಮೆನ್ ತಿಂದ (ಅವರಮ್ಮನಿಗೆ ಹೇಳಬೇಡಿ). ಬಟ್ಟಲಲ್ಲಿ ಸಾರು ಉಳಿದಿರುವಾಗಲೇ ‘ಕಾಎದಾಮಾ’ ಅಂದ, ಬರೀ ಶಾವಿಗೆ ಇನ್ನೊಂದು ಸಲ ಬಂದು ಬಿತ್ತು. ಸಾಂಬಾರ್ ಉಳಿಯಿತು ಅಂತ ನಾವು ಇನ್ನೊಂದು ಇಡ್ಲಿ ಹೇಳೋದಿಲ್ಲವೇ, ಥೇಟ್ ಹಾಗೆ. ಶಾವಿಗೆ ದಾರದಷ್ಟು ಸಣ್ಣ, ಕುದಿನೀರಿಗೆ ಹಾಕಿದರೆ ಕ್ಷಣದಲ್ಲಿ ಬೆಂದುಬಿಡುತ್ತದೆ. ಹಿಂದೆ ಮೀನು ಮಾರುಕಟ್ಟೆಯ ಜನಕ್ಕೆ ಕೂತು ಉಣ್ಣಲು ಪುರಸೊತ್ತಿರಲಿಲ್ಲ, ಅವರಿಗಾಗಿಯೇ ಹಾಗೆ ಸಣ್ಣ ಮಾಡಿದ್ದಂತೆ. ಈಗಲೂ ‘ಬಾರಿಕಾತಾ’, ಅಂದರೆ ಗಟ್ಟಿಯಾಗಿಯೇ ಇರಲಿ, ಅನ್ನೋರು ಉಂಟು. ಇಡೀ ಊರಿಗೆ ಆರಾಮು, ಶಾವಿಗೆಗೆ ಮಾತ್ರ ಅವಸರ. ವಿಚಿತ್ರ ಅಲ್ವಾ?

ಶಾವಿಗೆಗೆ ಮಾತ್ರ ಅಂದೆನಾ? ತಪ್ಪು. 2016ರ ನವೆಂಬರ್ 8ರ ಬೆಳಗಿನ ಜಾವ ಅದೇ ಹಕಾತಾ ನಿಲ್ದಾಣದ ಮುಂದಿನ ರಸ್ತೆ ದಬಕ್ಕನೆ ಕುಸಿಯಿತು. ಮೆಟ್ರೋ ಸುರಂಗ ಕೊರೆಯುತ್ತಿದ್ದರಲ್ಲ, ಅದರಿಂದ. ಸುಮಾರು ಮೂವತ್ತು ಮೀಟರ್ ಅಗಲ, ಹದಿನೈದು ಮೀಟರ್ ಆಳದ ಗುಂಡಿ. ಸಿಮೆಂಟು ಕಲಸಿದ ಮಣ್ಣು ತುಂಬಿ, ಕರೆಂಟು, ಗ್ಯಾಸು, ನೀರಿನ ಕೊಳವೆ ಎಲ್ಲ ಜೋಡಿಸಿ 15ನೇ ತಾರೀಕು ರಸ್ತೆ ಬಿಟ್ಟುಕೊಟ್ಟರು. ಒಂದೇ ವಾರ ರೀ! ಆಮೇಲೊಮ್ಮೆ ಅದು ಏಳು ಸೆಂಟಿಮೀಟರ್ ಕೆಳಗಿಳಿಯಿತು ಅಂತ ಕ್ಷಮೆಯನ್ನೂ ಕೇಳಿದರು. ಏಳು ಸೆಂಟಿಮೀಟರ್! ನಮ್ಮ ಬೀದಿ ತಿರುವಿನ ಗುಂಡಿಗೆ ಈಗ ವಯಸ್ಸೆಷ್ಟು? ನಿಮ್ಮ ಮೊಮ್ಮಗ ಹುಟ್ಟೋ ಮುಂಚಿನದು ಅದು. ಆ ಲೆಕ್ಕಕ್ಕೆ ಹೋದರೆ ಗುಂಡಿಯನ್ನೂ ಈ ವರ್ಷ ಸ್ಕೂಲಿಗೆ ಸೇರಿಸಬೇಕು.

ಈಗ ಸೌತೆಕಾಯಿಗೆ ಬಂದೆ. ನಾವಿದ್ದದ್ದು ಜುಲೈ ಮೊದಲ ಹದಿನೈದು ದಿನ, ಯಾಮಾಕಾಸಾ ಹಬ್ಬದ ಕಾಲ. ಅಷ್ಟೂ ದಿನ ತೇರು ಹೊರುವವರು ಸೌತೆಕಾಯಿ ಮುಟ್ಟುವಂತಿಲ್ಲ. ಯಾಕೆ ಗೊತ್ತಾ? ಸೌತೆಕಾಯಿಯನ್ನು ಅಡ್ಡ ಕತ್ತರಿಸಿದರೆ ನಡುವೆ ಹೂವಿನಂಥದ್ದು ಕಾಣುತ್ತದಲ್ಲ, ಅದು ಆ ಹಬ್ಬ ನಡೆಯೋ ಕುಶಿದಾ ಗುಡಿಯ ಲಾಂಛನದ ಹಾಗೆಯೇ ಇದೆಯಂತೆ. ದೇವರ ಲಾಂಛನವನ್ನು ಕಚಕಚ ಅಗಿದು ತಿನ್ನೋದುಂಟೇ!

ಇದನ್ನು ಕೇಳಿದೊಡನೆ ನಮ್ಮಜ್ಜಿ ಕಣ್ಮುಂದೆ ಬಂದಳು. ಅದೇ ಹೊತ್ತಿಗೆ ಅಲ್ಲವೇ ನಮ್ಮಲ್ಲಿ ಚಾತುರ್ಮಾಸ್ಯ ಶುರುವಾಗೋದು? ಮೊದಲ ತಿಂಗಳು ಶಾಕವ್ರತ, ತರಕಾರಿ ವರ್ಜ್ಯ. ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ನಾವು ಹುಡುಗರು ಹಿತ್ತಲಲ್ಲಿ ಎಳೆ ಸೌತೆಕಾಯಿಗೆ ಉಪ್ಪುಕಾರ ಹಚ್ಚಿ ಕದ್ದು ತಿನ್ನುತ್ತಿದ್ದೆವು. ಅಜ್ಜಿ ಗದರುತ್ತಿರಲಿಲ್ಲ, ಪಾಪ, ವಾಸನೆಗೆ ಬಾಯಲ್ಲಿ ನೀರೂರಿ ಆ ಕಡೆ ತಿರುಗಿ ಕೂರುತ್ತಿದ್ದಳು.

ಹದಿನೈದನೇ ತಾರೀಕು ಬೆಳಗಿನ ಜಾವ ಮೂರಕ್ಕೇ ಎದ್ದು ಹೋಗಿ ನಿಂತೆವು. ತೇರಿನ ಓಟ ಶುರುವಾಗೋದು ಸರಿಯಾಗಿ 4 ಗಂಟೆ 59 ನಿಮಿಷಕ್ಕೆ. ಐದಕ್ಕಲ್ಲ! ಮೊದಲ ತೇರಿನವರು ಗುಡಿಯ ಮುಂದೆ ನಿಂತು ಮಂಗಳದ ಹಾಡು ಹೇಳಬೇಕು, ಅದಕ್ಕೆ ಒಂದು ನಿಮಿಷ ಉಂಬಳಿ. ಆಮೇಲೆ ನೋಡಿ, ಸುಮಾರು ಒಂದು ಟನ್ ತೂಕದ ತೇರನ್ನು ಹೆಗಲಿಗೇರಿಸಿಕೊಂಡು, ಲಂಗೋಟಿ ಬಿಗಿದ ಗಂಡಸರು ‘ಓಯ್ಸಾ, ಓಯ್ಸಾ’ ಅಂತ ಬೀದಿ ತುಂಬ ಓಡುತ್ತಾರೆ. ಸುಮಾರು ಐದು ಕಿಲೋಮೀಟರನ್ನು ಅರ್ಧ ಗಂಟೆಯ ಆಜುಬಾಜಿನಲ್ಲಿ! ದಾರಿಯ ಜನ ಬಕೆಟ್ಟುಗಟ್ಟಲೆ ನೀರು ಎರಚುತ್ತಾರೆ. ನನ್ನ ಕನ್ನಡಕಕ್ಕೂ ಅಭಿಷೇಕವಾಯಿತು.

ಏಳೂವರೆಗೆಲ್ಲ ಬೀದಿ ತಣ್ಣಗೆ. ರೂಮಿನ ಹತ್ತಿರದ ಕಾಫಿ ಅಂಗಡಿಯವನು ಎಂದಿನಂತೆ ಕಪ್ಪು ಒರೆಸುತ್ತ ನಿಂತಿದ್ದ. ತಲೆಕೂದಲು ಮಾತ್ರ ಒದ್ದೆ. ತೇರು ಹೊತ್ತು ಬಂದವನೇ! ಓಡಬೇಕಾದ ಅರ್ಧ ಗಂಟೆ ಓಡಿ ಮುಗಿಸಿದವನಿಗೆ ಉಳಿದ ದಿನವೆಲ್ಲ ಆರಾಮು. ನಾವು ದಿನವಿಡೀ ಓಡುತ್ತಲೇ ಇರುತ್ತೇವೆ, ತೇರು ಮಾತ್ರ ಇದ್ದಲ್ಲೇ ಇರುತ್ತದೆ, ಅಲ್ವಾ?

ಸರಿ, ಸಂಜೆ ಆ ಕಾಯಿ ಹೆಚ್ಚುವಾಗ ಒಂದು ಬಿಲ್ಲೆ ಬೆಳಕಿಗೆ ಹಿಡಿದು ನೋಡಿ. ಹೂವು ಕಂಡೇ ಕಾಣುತ್ತದೆ. ಕಂಡ ಮೇಲೆ ತಿನ್ನೋದಕ್ಕೆ ಮನಸ್ಸಾಗದಿದ್ದರೆ ಸಂಕೋಚ ಬೇಡ, ಬೇಲಿಯ ಈ ಕಡೆ ದಾಟಿಸಿಬಿಡಿ. ನಮ್ಮ ಮನೆಯಲ್ಲಿ ಯಾರಿಗೂ ವ್ರತ ಇಲ್ಲ.