ಸ್ವರದ ಮನೆ ಬೇರೆ, ಸದ್ದಿನ ಮನೆ ಬೇರೆ

1996ರಲ್ಲಿ ನೆದರ್‌ಲ್ಯಾಂಡ್ಸ್‌ನ ಇಬ್ಬರು ಸಂಗೀತಪ್ರಿಯರು ಶುರುಮಾಡಿದ ಲಿಲಿಪಾಂಡ್ ಎಂಬ ಸಂಗೀತಲಿಪಿ ಅಚ್ಚುಹಾಕುವ ತಂತ್ರಾಂಶದಲ್ಲಿ ಸ್ವರಪ್ರಸ್ತಾರವನ್ನು ಪತ್ರ ಬರೆದಂತೆ ಟೈಪ್ ಮಾಡಬೇಕು. ‘ಎಫ್’ ಒತ್ತಿದರೆ ಒಂದು ಸ್ವರ. ಅದರ ಹಿಂದೆ ಬ್ಯಾಕ್‌ಸ್ಲ್ಯಾಷ್ ಇಟ್ಟರೆ ‘ಜೋರಾಗಿ ನುಡಿಸು’ ಎಂಬ ಅಪ್ಪಣೆ. ಆ ಓರೆಗೆರೆ ಮರೆತಿರೋ, ಗದ್ದಲ ಹೋಗಿ ಹೊಸ ಸ್ವರವೊಂದು ಹುಟ್ಟಿರುತ್ತದೆ!

ಅದಕ್ಕೇ ಬುದ್ಧಿವಂತರು ಸ್ವರ, ಸದ್ದು ಇಬ್ಬರಿಗೂ ಬೇರೆ ಸಂಸಾರ ಹೂಡಿಸುತ್ತಾರೆ. ಪಿಯಾನೋದ ಬಲಗೈಗೊಂದು ಸಾಲು, ಎಡಗೈಗೊಂದು ಸಾಲು, ನಡುವೆ ಸದ್ದಿನ ಏರಿಳಿತಕ್ಕೆ, ಅಂದರೆ ‘ಡೈನಾಮಿಕ್ಸ್’ಗೆ, ಅದರದೇ ಸಾಲು. ಅಲ್ಲಿ ಸ್ವರಗಳ ಬದಲಿಗೆ ‘ಎಸ್’ ಎಂಬ ಮಹಾಶಯ. ಇವನು ಲೆಕ್ಕದ ಪ್ರಕಾರ ಪೂರ್ತಿ ಕಾಲ ತೆಗೆದುಕೊಳ್ಳುತ್ತಾನೆ, ಆದರೆ ಹಾಳೆಯ ಮೇಲೆ ಏನೂ ಕಾಣಿಸುವುದಿಲ್ಲ. ಇಂಥವರು ಎಲ್ಲ ಕಚೇರಿಗಳಲ್ಲೂ ಇರುತ್ತಾರೆ ಬಿಡಿ. ವ್ಯತ್ಯಾಸವೆಂದರೆ ಇವನಿಂದ ಉಪಯೋಗವಿದೆ: ‘ಮೆಲ್ಲಗೆ’, ‘ಜೋರಾಗಿ’, ‘ಏರಿಸುತ್ತ ಹೋಗು’ ಎಂಬ ಚೀಟಿಗಳೆಲ್ಲ ಇವನ ಹೆಗಲ ಮೇಲೇ.

ಚೀಟಿ ಅಂಟಿಸಿದಾಕ್ಷಣ ಕೆಲಸವಾಯಿತೆನ್ನಬೇಡಿ. ಚೈಕೋವ್‌ಸ್ಕಿ 1893ರ ತನ್ನ ಆರನೇ ಸಿಂಫನಿಯಲ್ಲಿ ಬಸೂನು ಎಂಬ ಊದುವಾದ್ಯಕ್ಕೆ ‘ಮೆಲ್ಲಗೆ’ ಎನ್ನುವ ‘ಪಿ’ಯನ್ನು ಆರು ಸಲ ಬರೆದ. ಅಷ್ಟು ಮೆಲ್ಲಗೆ ಬಸೂನು ಬಗ್ಗುವುದು ಕಷ್ಟವೆಂದು ಎಷ್ಟೋ ನಿರ್ದೇಶಕರು ಆ ಸ್ವರಗಳನ್ನು ಬಾಸ್ ಕ್ಲಾರಿನೆಟ್‌ಗೆ ದಾಟಿಸುತ್ತಾರೆ.

ಬೇರೆ ಸಂಸಾರದ ತಾಪತ್ರಯವೂ ಉಂಟು. ಸ್ವರಗಳ ನಡುವೆ ಒಂದು ಆವರ್ತ ಹೊಸದಾಗಿ ಸೇರಿಸಿ, ಡೈನಾಮಿಕ್ಸ್ ಸಾಲಿಗೆ ತಿಳಿಸದೆ ಬಿಟ್ಟರೆ ಮುಂದಿನ ಅಬ್ಬರವೆಲ್ಲ ಒಂದು ಆವರ್ತ ಮುಂಚೆಯೇ ಬಂದು ಕೂರುತ್ತದೆ. ಜೋಗುಳದ ಮಧ್ಯೆ ಸಿಡಿಲು! ಲಿಲಿಪಾಂಡ್ ಮಾತ್ರ ತಕರಾರಿಲ್ಲದೆ ಅಂದವಾಗಿ ಅಚ್ಚು ಹಾಕಿಕೊಡುತ್ತದೆ. ಕೂಗುವವರು ನೆರೆಮನೆಯವರು.